ಗೋದಾಮಿನ ಪಟ್ಟಿ ಕೇಳಿದ ಅಕ್ಕನಿಗೆ

ಮಹಾದೇವಿ ಅಕ್ಕಾ,

ಟಿವಿಯಲ್ಲಿ ಮುಂಬೈಯಿಂದ ನಮ್ಮ ರಾಜ್ಯ ಸರ್ಕಾರದ ಬಜೆಟ್ ಓದುತ್ತಿದ್ದರೆ ನನ್ನ ಕೈ ಈಗಲೂ ಫೋನಿನ ಕಡೆ ಹೋಗುತ್ತದೆ. “ಊರಿಗೂ ಸರ್ಕಾರಕ್ಕೂ ಮಾತು ಒಂದೇ, ಶಾಂತಾ. ಇದ್ದವರು ಇದ್ದಷ್ಟು ಕೊಡಬೇಕು, ಖರ್ಚು ಎಲ್ಲಾರಿಗೂ ಕಾಣಬೇಕು” ಎನ್ನುತ್ತಿದ್ದೆ ನೀನು, ನಾವು ಮಾತಾಡುತ್ತಿದ್ದ ದಿನಗಳಲ್ಲಿ. ಈಗ ಯಾರಿಗೆ ಫೋನು ಮಾಡಲಿ?

ನಮ್ಮೂರು ಗುಂಜೋಟಿಯ ಆ ಗ್ರಾಮಸಭೆ ನೆನಪಾಗುತ್ತದೆ. ನೀನು ಪಂಚಾಯತಿ ಸದಸ್ಯೆಯಾದ ಹೊಸತು. ಹಣ ಸಾಲುತ್ತಿಲ್ಲ, ಎಲ್ಲರ ನೀರಿನ ಪಟ್ಟಿ, ಅಂದರೆ ಕರ, ಏರಿಸೋಣ ಎಂದರು ಸರಪಂಚರು. ನೀನು ಎದ್ದು ನಿಂತೆ. “ದೊಡ್ಡ ದೊಡ್ಡ ಗೋದಾಮು ಕಾಗದದಾಗ ದನದ ಕೊಟ್ಟಗಿ ಆಗ್ಯಾವ. ಅವಕ್ಕ ಸರಿಯಾದ ಪಟ್ಟಿ ಹಾಕ್ರಿ. ಬಂದದ್ದೆಷ್ಟು, ಹೋದದ್ದೆಷ್ಟು, ಊರ ಮುಂದ ಓದ್ರಿ.” ಜನ ನನ್ನ ಗಂಡನತ್ತ ತಿರುಗಿದರು. ತೊಗರಿ, ಸೋಯಾ ತುಂಬಿದ ನಮ್ಮ ಗೋದಾಮೂ ಅದರಲ್ಲಿ ಒಂದಲ್ಲವೇ?

ಮರುದಿನ ನೀನು ಬಂದಾಗ ನಾನು ಹೊಸ್ತಿಲಲ್ಲೇ ತಡೆದೆ. “ತಂಗಿ ಮನಿ ಮುರೀಲಿಕ್ಕೆ ನಿಂತಿಯೇನ?” ಎಂದು ಕೇಳಿದೆ. ನೀನು ಸಿಟ್ಟಾಗಲಿಲ್ಲ. “ನಿಮ್ಮದು ಬಿಟ್ಟು ಉಳದವರದು ಕೇಳಿದ್ರ ನನ್ನ ಮಾತು ಯಾರು ನಂಬ್ತಾರ? ಕೆಳಗಿನ ಓಣ್ಯಾಗ ಪಟ್ಟಿ ಕಟ್ತಾರ, ನಳ ಇಲ್ಲ.” ನಾನು ಬಾಗಿಲು ಹಾಕಿಕೊಂಡೆ. ಎಷ್ಟು ಸಂಕ್ರಾಂತಿಗಳು ನಿನಗೆ ಎಳ್ಳುಬೆಲ್ಲ ಕೊಡದೆ ಹೋದವೋ...

ನಿನಗೆ ಹುಷಾರಿಲ್ಲವೆಂದು ಕೇಳಿ ಉಮರ್ಗಾ ಆಸ್ಪತ್ರೆಗೆ ನಾನು ಓಡಿ ಬರುವಷ್ಟರಲ್ಲಿ ನಿನ್ನ ಮಾತು ನಿಂತಿತ್ತು. ಕೈ ಹಿಡಿದು ಕೂತೆ. ನೀನು ಹೋಗುವ ಮುನ್ನ, ಹಿಡಿದದ್ದು ನಾನೆಂದು ನಿನಗೆ ತಿಳಿಯಿತೇ?

ಈ ಸಲದ ಗ್ರಾಮಸಭೆಗೆ ಒಬ್ಬಳೇ ಹೋದೆ. ಗೋದಾಮುಗಳು ಕಾಗದದಲ್ಲಿ ಇನ್ನೂ ಕೊಟ್ಟಿಗೆಗಳೇ; ಮತ್ತದೇ, ನೀರಿನ ಪಟ್ಟಿ ಏರಿಸುವ ಮಾತು. ಯಾರೂ ಏಳಲಿಲ್ಲ. ನಾನು ಎದ್ದೆ. “ನಮ್ಮ ಗೋದಾಮಿನಿಂದ ಸುರು ಮಾಡ್ರಿ. ಅದು ಕೊಟ್ಟಗಿ ಅಲ್ರೀ. ಬಂದು ಅಳತಿ ಮಾಡ್ರಿ” ಎಂದೆ. ನಮ್ಮ ಯಜಮಾನರು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ಅಳತೆಯವರು ಬಂದಾಗ ಯಜಮಾನರೇ ಬೀಗ ತೆಗೆದು, “ಬರ್ರಿ” ಎಂದರು. ನಮ್ಮದಾದ ಮೇಲೆ ಉಳಿದ ವ್ಯಾಪಾರಿಗಳಿಗೆ ಬೇಡ ಎನ್ನಲಾಗಲಿಲ್ಲ.

ನೀರಿನ ಪಟ್ಟಿ ಏರಲಿಲ್ಲ, ಅಕ್ಕಾ. ಪಂಚಾಯತಿ ಗೋಡೆಯ ಮೇಲೆ ಆದಾಯ, ಖರ್ಚು ಎರಡನ್ನೂ ಬರೆಸಿದ್ದಾರೆ. ಖರ್ಚು ಆದಾಯವನ್ನು ದಾಟಿಲ್ಲ. ಕೆಳಗಿನ ಓಣಿಗೆ ನಳ ಬಂದ ದಿನ ಅಲ್ಲಿಯ ಮುದುಕಿಯೊಬ್ಬಳು ನನ್ನನ್ನು ಕೂರಿಸಿ ಚಹಾ ಕೊಟ್ಟಳು. ಮುಖ ನೋಡಿ ಕೇಳಿದಳು: “ನೀ ಮಹಾದೇವಿ ತಂಗಿ ಅಲ್ಲೇನ?”

ಎಷ್ಟೋ ವರ್ಷಗಳ ಮೇಲೆ, ಹೌದು ಎಂದೆ.

ನಿನ್ನ ಶಾಂತಾ