ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ

ಆಫೀಸಿನಿಂದ,
ಮಾರ್ಚ್ ೧೪

ಒಂದು ಕಾಲದ ಪಾಲುದಾರರಿಗೆ,

ಮನೆಯಲ್ಲಿ ‘ನೀನು’, ಆಫೀಸಿನಲ್ಲಿ ‘ನೀವು’ ಎಂಬುದು ಮದುವೆಯಾದ ಹೊಸದರಲ್ಲಿ ನಾವೇ ಮಾಡಿಕೊಂಡ ಪದ್ಧತಿ. ಇದನ್ನು ಆಫೀಸಿನ ಪತ್ರ ಎಂದುಕೊಳ್ಳಿ.

ನಿನ್ನೆ ಮಗಳು ಫೋನ್ ಮಾಡಿದ್ದಳು. “ಅಪ್ಪ ತುಂಬ ನೊಂದ್ಕೊಂಡಿದಾರಮ್ಮ. ಸ್ಕೂಲಿನವರ ಮುಂದೆ ಅವರ ಹೆಸರು ಯಾಕೆ ಎತ್ತಿದೆ?” ಎಂದು ಕೇಳಿದಳು. ಅವಳಿಗೆ ಉತ್ತರ ಕೊಡಲಿಲ್ಲ. ಗಂಡಹೆಂಡಿರ ವ್ಯಾಜ್ಯಕ್ಕೆ ಮಗಳನ್ನು ಅಂಚೆಯಾಳು ಮಾಡುವುದು ನನಗೆ ಸೇರದು. ಕೇಳಿದವರು ನೀವು, ನಿಮಗೇ ಬರೆಯುತ್ತಿದ್ದೇನೆ. ವಕೀಲರಿಗೆ ತೋರಿಸಬೇಕೆನಿಸಿದರೆ ತೋರಿಸಿ.

ಹೋದ ತಿಂಗಳು ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಆಫೀಸಿಗೆ ಬಂದಿದ್ದರು. ನೆನಪಿದೆಯಲ್ಲ, ಎಂಟು ವರ್ಷದ ಹಿಂದೆ ಅವರ ಸಭಾಂಗಣಕ್ಕೆ ನಾವು ಉಕ್ಕಿನ ಛಾವಣಿ ವಿನ್ಯಾಸ ಮಾಡಿದ್ದೆವು. ಲೆಕ್ಕ ನನ್ನದು, ಕಂಟ್ರಾಕ್ಟರ ಜತೆಗಿನ ಓಡಾಟ ನಿಮ್ಮದು. ಯಾರೋ ದಾನಿಗಳು ಆ ಛಾವಣಿಯ ಮೇಲೆ ಸೋಲಾರ್ ಫಲಕ ಹಾಕಿಸಿಕೊಡುತ್ತಾರಂತೆ. “ಭಾರ ತಡ್ಕೊಳ್ಳುತ್ತೆ ಅಂತ ನೀವೊಂದು ಮಾತು ಬರೆದು ಕೊಟ್ರೆ ಸಾಕು ಮೇಡಂ, ಮುಂದಿನ ವಾರವೇ ಕೆಲಸ ಶುರು” ಎಂದರು. ಅದೇನು ಮಹಾ ಎಂದುಕೊಂಡೆ. ಕಂಪ್ಯೂಟರಿನಲ್ಲಿದ್ದ ಆ ಛಾವಣಿಯ ಮಾದರಿಯ ಫೈಲು ತೆರೆದು, ಹೊಸ ಭಾರ ಸೇರಿಸಿ, ಒಂದು ಸಲ ಲೆಕ್ಕ ಓಡಿಸಿದರೆ ಮುಗಿಯಿತು. ಕೂತಿರಿ, ಈಗಲೇ ಹೇಳುತ್ತೇನೆ ಎಂದೆ.

ಪರದೆಯ ಮೇಲೆ ಬಂದದ್ದು ಇಷ್ಟು: ನಿಮಗೆ ಈ ಫೈಲನ್ನು ತೆರೆಯಲು ಅನುಮತಿಯಿಲ್ಲ. ನಿಮ್ಮ ಅಡ್ಮಿನ್ ಅವರನ್ನು ಸಂಪರ್ಕಿಸಿ.

ನನ್ನ ಅಡ್ಮಿನ್ ಎಂದರೆ ನೀವು. ಹೆಡ್‌ಮಿಸ್ಟ್ರೆಸ್ ಎದುರಿಗೇ ಕೂತಿದ್ದರು. ಇಂಟರ್ನೆಟ್ ಕೈಕೊಟ್ಟಿದೆ ಎಂದು ಸುಳ್ಳು ಹೇಳಿ ಕಳಿಸಿದೆ.

ನಾವು ಆಫೀಸು ತೆರೆದ ವರ್ಷ ಲೆಕ್ಕ ಮಾಡುವ ಆ ತಂತ್ರಾಂಶವನ್ನು ಒಂದೇ ಕಂತಿನಲ್ಲಿ ಕೊಂಡಿದ್ದೆವು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಲು ಹೆಬ್ಬೆರಳುದ್ದದ ಒಂದು ಡಾಂಗಲ್ ಕೊಟ್ಟಿದ್ದರು. ಅದು ಇರುವ ತನಕ ತಂತ್ರಾಂಶ ನಮ್ಮದು, ಯಾರನ್ನೂ ಕೇಳಬೇಕಿರಲಿಲ್ಲ. ಆಮೇಲೆ ಕಂಪನಿಯವರು ಹೊಸ ಯೋಜನೆ ತಂದರು: ಹಳೆಯ ಲೈಸೆನ್ಸು ಒಪ್ಪಿಸಿ, ವರ್ಷದ ಚಂದಾಕ್ಕೆ ಬನ್ನಿ, ಮೊದಲ ವರ್ಷ ರಿಯಾಯಿತಿ. ಅವತ್ತು ನೀವು ಆಡಿದ ಮಾತು ಒಂದೊಂದೂ ನೆನಪಿದೆ. “ಹಳೇದನ್ನ ಇನ್ನೆಷ್ಟು ದಿನ ತಬ್ಕೊಂಡಿರ್ತೀರ? ಕಟ್ಟಡದ ನಿಯಮಾವಳಿ ಬದಲಾದಾಗೆಲ್ಲ ಅವರೇ ತಿದ್ದಿ ಕೊಡ್ತಾರೆ. ಕಂಪ್ಯೂಟರ್ ಕೆಟ್ರೂ ಫೈಲು ಅವರ ಹತ್ರ ಭದ್ರ.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಳೆಯ ಆವೃತ್ತಿ ಹೊಸ ನಿಯಮಗಳನ್ನು ಅರಿಯದೆ ತಿಣುಕುತ್ತಿತ್ತು ಎಂಬುದು ನನಗೂ ಗೊತ್ತಿತ್ತು. ನಾನು ಕೇಳಿದ್ದು ಒಂದೇ: “ನಾವು ಮಾಡಿದ ಲೆಕ್ಕ ನಾವೇ ನೋಡೋಕೆ ವರ್ಷವರ್ಷ ಬಾಡಿಗೆ ಕಟ್ಬೇಕಾ?” ನೀವು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕಡೆ ತಿರುಗಿ, “ಬಾಡಿಗೆ ಮನೇಲಿರೋರೆಲ್ಲ ಏನು ಬೀದೀಲಿದಾರಾ?” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತಿನಲ್ಲಿ ನಿಮ್ಮನ್ನು ಗೆದ್ದವರುಂಟೆ?

ಡಾಂಗಲನ್ನು ನೀವೇ ಪೊಟ್ಟಣ ಕಟ್ಟಿ ಕಳಿಸಿದಿರಿ. ಚಂದಾ ನಿಮ್ಮ ಹೆಸರಿನಲ್ಲಿ, ಖಾತೆ ನಿಮ್ಮ ಹೆಸರಿನಲ್ಲಿ. ಆಗ ಅದು ದೊಡ್ಡ ಸಂಗತಿ ಎನಿಸಲಿಲ್ಲ. ಗ್ಯಾಸಿನ ಸಂಪರ್ಕವೂ ನಿಮ್ಮ ಹೆಸರಿನಲ್ಲೇ ಇತ್ತು. ಮನೆ ಬಿಟ್ಟು ಹೋಗುವಾಗ ನಿಮ್ಮ ಬಟ್ಟೆ, ಪುಸ್ತಕ, ಆ ದೊಡ್ಡ ಮೇಜು ಎಲ್ಲ ಒಯ್ದಿರಿ. ನಾನು ತಡೆಯಲಿಲ್ಲ. ಆದರೆ ಇಪ್ಪತ್ತು ವರ್ಷದ ನನ್ನ ಲೆಕ್ಕಗಳನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೀರಿ ಎಂದು ಅವತ್ತು ಹೊಳೆಯಲಿಲ್ಲ. ಅದೇ ಕಂಪನಿಯಲ್ಲಿ ತರಬೇತುದಾರರಾಗಿ ಸೇರಿ, ಊರೂರಿನ ಆಫೀಸುಗಳಿಗೆ ಹೋಗಿ ಚಂದಾದ ಮಹಿಮೆ ಹೇಳುತ್ತಿದ್ದೀರಂತೆ. ಈ ಸಲದ ನವೀಕರಣದಲ್ಲಿ ಬಳಕೆದಾರರ ಪಟ್ಟಿಯಿಂದ ನನ್ನ ಹೆಸರನ್ನು ತೆಗೆದದ್ದು ಆ ಪರದೆ ನೋಡಿದಾಗಲೇ ನನಗೆ ತಿಳಿದದ್ದು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗಿ ಒಳ್ಳೆಯವಳು. “ಫೈಲು ನಿಮ್ಮದೇ ಮೇಡಂ, ಅದರಲ್ಲಿ ಅನುಮಾನವೇ ಇಲ್ಲ. ತೆಗೆಯೋಕೆ ಮಾತ್ರ ಅಡ್ಮಿನ್ ಹೇಳ್ಬೇಕು” ಎಂದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಮಾನ ಬಿಟ್ಟು ನಿಮಗೇ ಫೋನ್ ಮಾಡಿದೆ. “ಟ್ರೈನಿಂಗಲ್ಲಿದೀನಿ, ಬೇಗ ಹೇಳು. ಯಾವ ಫೈಲು?” ಎಂದಿರಿ. ಶಾಲೆಯದು, ಛಾವಣಿಯ ಮೇಲೆ ಫಲಕ ಹಾಕುತ್ತಾರಂತೆ ಎಂದೆ. ಎಷ್ಟು ಫಲಕ ಎಂದು ಕೇಳಿದಿರಿ, ಹೇಳಿದೆ. ಆಮೇಲೆ, “ಆಫೀಸಿನ ಪಾಲಿನ ವಿಷ್ಯ ಮೊದ್ಲು ವಕೀಲರ ಹತ್ರ ಇತ್ಯರ್ಥ ಆಗ್ಲಿ. ಆಮೇಲೆ ಎಲ್ಲಾ ತೆಗೆದುಕೊಡ್ತೀನಿ” ಎಂದು ಇಟ್ಟುಬಿಟ್ಟಿರಿ. ಹಳೆಯ ಜಗಳದ ಹೊಸ ಕಂತು ಎಂದುಕೊಂಡೆ.

ಸರಿ, ಕೈಯಲ್ಲೇ ಮಾಡೋಣವೆಂದು ಕೂತೆ. ಕಪಾಟಿನಲ್ಲಿ ನನ್ನ ಸಹಿಯ ನಕ್ಷೆಗಳಿದ್ದವು. ಡ್ರಾಫ್ಟ್ಸ್‌ಮನ್ ಅಳತೆ ಓದಿ ಹೇಳಿದರು, ನಾನು ಕಾಗದ, ಕ್ಯಾಲ್ಕುಲೇಟರು ಹಿಡಿದೆ. ಬೆರಳುಗಳಿಗೆ ಅಭ್ಯಾಸ ತಪ್ಪಿತ್ತು. ಎರಡು ಕಡೆ ತಪ್ಪಿ, ಮತ್ತೆ ಮೊದಲಿಂದ ಮಾಡಿದೆ. ನಕ್ಷೆಯಲ್ಲಿದ್ದ ಪೈಪುಗಳ ಪ್ರಕಾರ ಛಾವಣಿ ಫಲಕಗಳ ಭಾರವನ್ನು ಧಾರಾಳವಾಗಿ ತಡೆಯುತ್ತಿತ್ತು. ಹಾಗೆಂದು ಒಪ್ಪಿಗೆ ಪತ್ರ ಟೈಪು ಮಾಡಿಸಿ, ಸಹಿ ಹಾಕಿ, ಮೊಹರು ಒತ್ತಿ, ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಹೋದೆ.

ಹೆಡ್‌ಮಿಸ್ಟ್ರೆಸ್ ತರಗತಿಯಲ್ಲಿದ್ದರು. ಕಾಯುತ್ತ ಸಭಾಂಗಣದ ಒಳಗೆ ಹೋದೆ. ಮಕ್ಕಳು ಯಾವುದೋ ನಾಟಕದ ಅಭ್ಯಾಸ ಮಾಡುತ್ತಿದ್ದರು. ಒಂದು ಮೂಲೆಯಲ್ಲಿ ದೀಪ ರಿಪೇರಿಯವರ ಏಣಿ ನಿಂತಿತ್ತು. ನಾವು ಕಟ್ಟಿದ್ದನ್ನು ಹತ್ತಿರದಿಂದ ನೋಡೋಣವೆಂಬ ಆಸೆ, ಅಷ್ಟೇ. ಅನುಮಾನ ಏನೂ ಇರಲಿಲ್ಲ. ಹತ್ತಿದೆ. ಛಾವಣಿ ಹೊತ್ತ ಟ್ರಸ್ಸಿನ ಕೆಳಗಿನ ಪೈಪಿನ ಮೇಲೆ ಕೈಯಿಟ್ಟಾಗ ಹಿಡಿತ ಬೇರೆ ಎನಿಸಿತು. ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಅಳೆದು ನೋಡಿದೆ. ನಾನು ಬರೆದದ್ದಕ್ಕಿಂತ ಒಂದು ಸೈಜು ಸಣ್ಣದು. ಪಕ್ಕದ ಟ್ರಸ್ಸೂ ಅದೇ. ಅದರ ಪಕ್ಕದ್ದೂ ಅದೇ.

ಏಣಿಯ ಮೇಲೆಯೇ ಡ್ರಾಫ್ಟ್ಸ್‌ಮನ್‌ಗೆ ಫೋನ್ ಮಾಡಿದೆ. ಅವರು ತಡವರಿಸಿದರು. “ಆಗ ಆ ಸೈಜು ಮಾರ್ಕೆಟ್ಟಲ್ಲಿ ಸಿಗ್ತಿಲ್ಲ ಅಂತ ಕಂಟ್ರಾಕ್ಟರು ಬಂದಿದ್ರು ಮೇಡಂ. ಸಾರು ಕಂಪ್ಯೂಟರಲ್ಲಿ ಚಿಕ್ಕ ಸೈಜು ಹಾಕಿ ನೋಡಿ, ಆಗುತ್ತೆ ಅಂದ್ರು. ನಿಮಗೆ ಹೇಳಿದಾರೆ ಅಂದ್ಕೊಂಡಿದ್ದೆ. ಮೊನ್ನೆ ಅಳತೆ ಓದೋವಾಗ ನನಗೂ ನೆನಪಾಗ್ಲಿಲ್ಲ.” ನನಗೆ ಹೇಳಿರಲಿಲ್ಲ. ನಾನಾಗ ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಹೋಗಿದ್ದೆ. ಹೇಳಿದ್ದರೆ ಬೇಡ ಎನ್ನುತ್ತಿದ್ದೆ. ಅದೂ ನಿಮಗೆ ಗೊತ್ತಿತ್ತು.

ಬರಿಯ ಛಾವಣಿಗೆ ನಿಮ್ಮ ಪೈಪು ಸಾಕಾಗುತ್ತಿತ್ತು, ಅದನ್ನು ಒಪ್ಪುತ್ತೇನೆ. ಆಮೇಲೆ ಅವರು ಸೀಲಿಂಗ್ ಹಾಕಿಸಿದರು, ಫ್ಯಾನು ದೀಪ ತೂಗುಬಿಟ್ಟರು. ಈಗ ಉಳಿದಿರುವ ತಾಕತ್ತು ಕೂದಲೆಳೆಯಷ್ಟು. ಅದರ ಮೇಲೆ ಫಲಕಗಳು ಕೂತು, ಒಂದು ಜೋರು ಗಾಳಿ ಬಂದಿದ್ದರೆ ಏನಾಗುತ್ತಿತ್ತೋ. ನನ್ನ ಬ್ಯಾಗಿನಲ್ಲಿ ನನ್ನ ಮೊಹರಿನ ಒಪ್ಪಿಗೆ ಪತ್ರ ಇತ್ತು.

ಏಣಿ ಇಳಿದು, ನಾಟಕ ಕಲಿಸುತ್ತಿದ್ದ ಮೇಷ್ಟ್ರಿಗೆ, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಎಂದೆ. ಹೆಡ್‌ಮಿಸ್ಟ್ರೆಸ್ ಓಡಿ ಬಂದರು. ಎಲ್ಲ ಹೇಳಿದೆ. ಆಕೆ ಕೂಗಾಡಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತು, “ಹಾಗಾದ್ರೆ ಇಷ್ಟು ದಿನ ಮಕ್ಕಳನ್ನ ಇದರ ಕೆಳಗೇ ಕೂರಿಸಿದ್ದೀನಾ?” ಎಂದರು. ಆಮೇಲೆ ಕೇಳಿದರು, “ಬದಲಾಯಿಸಿದ್ದು ಯಾರು?” ಆಗ ನಿಮ್ಮ ಹೆಸರು ಹೇಳಿದೆ. ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಕೇಳಿದರು, ಹೇಳಿದೆ.

ಸಭಾಂಗಣಕ್ಕೆ ಬೀಗ ಬಿದ್ದಿದೆ. ಟ್ರಸ್ಸುಗಳನ್ನು ಬಲಪಡಿಸುವ ಕೆಲಸ ನಾನು ವಹಿಸಿಕೊಂಡಿದ್ದೇನೆ, ಶುಲ್ಕವಿಲ್ಲದೆ. ನಕ್ಷೆಯಲ್ಲಿರುವ ಸಹಿ ನನ್ನದು, ಜನ ನೋಡುವುದು ಅದನ್ನೇ. ಮೊನ್ನೆಯಿಂದ ಎದುರಿಗೆ ಸಿಕ್ಕ ಇಬ್ಬರು ಬಿಲ್ಡರುಗಳು ಮುಖ ತಿರುಗಿಸಿದರು. ಹೊಸ ನಿಯಮದ ಪ್ರಕಾರ ಲೆಕ್ಕ ಮಾಡಬೇಕಾದ್ದರಿಂದ ನನ್ನ ಹೆಸರಿನಲ್ಲೇ ಚಂದಾ ಕಟ್ಟಿದೆ. ನಗಬೇಕೆನಿಸಿದರೆ ನಗಿ.

ಕೊನೆಗೆ ನಿಮಗೊಂದು ಉಪಕಾರ ಮಾಡುತ್ತಿದ್ದೇನೆ. ಎಂಟು ವರ್ಷದ ಹಿಂದಿನ ಮಾತು, ನಿಮಗೆ ಮರೆತೇ ಹೋಗಿರಬೇಕು. ನನ್ನ ಮೇಲಿನ ಸಿಟ್ಟಿಗೆ ಬಾಗಿಲು ಹಾಕಿದಿರಿ, ಒಳಗೆ ಏನಿದೆ ಎಂಬುದು ನೆನಪಿರಲಿಲ್ಲ. ಹಾಗೆಂದೇ ನಂಬಿದ್ದೇನೆ. ಮಗಳಿಗೂ ಹಾಗೆಯೇ ಹೇಳುತ್ತೇನೆ.

ಇತಿ,
ನಿಮ್ಮ ಮಗಳ ತಾಯಿ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಕಂಪನಿಯಿಂದ ಸಂದೇಶ ಬಂತು. ನಾನು ಕಳಿಸಿದ್ದ ಪಾಲುದಾರಿಕೆಯ ದಾಖಲೆ ನೋಡಿ, ಹಳೆಯ ಫೈಲುಗಳ ಪ್ರತಿಯನ್ನು ನನ್ನ ಖಾತೆಗೆ ಹಾಕಿಕೊಟ್ಟಿದ್ದಾರೆ. ಶಾಲೆಯದನ್ನು ತೆರೆದೆ. ಸಣ್ಣ ಪೈಪು, ನಿಮ್ಮ ಕೈಯ ತಿದ್ದುಪಡಿ, ಎಲ್ಲ ಇದೆ. ಪಕ್ಕದಲ್ಲಿ ಇನ್ನೊಂದು ಪಟ್ಟಿಯೂ ಇದೆ: ಯಾರು, ಯಾವತ್ತು ಈ ಫೈಲು ತೆರೆದರು, ಏನು ಮಾಡಿದರು ಎಂಬುದು. ಹಳೆಯ ಡಾಂಗಲಿನ ಕಾಲದಲ್ಲಿ ಈ ಸೌಲಭ್ಯ ಇರಲಿಲ್ಲ, ಚಂದಾದ ಪರವಾಗಿ ಇದೊಂದನ್ನು ಹೇಳಲೇಬೇಕು. ನಾನು ನಿಮಗೆ ಫೋನ್ ಮಾಡಿದ ದಿನ ಮಧ್ಯಾಹ್ನ ನೀವು ಅದನ್ನು ತೆರೆದಿದ್ದೀರಿ. ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಫಲಕಗಳ ಭಾರ ಹಾಕಿ ಓಡಿಸಿಯೂ ನೋಡಿದ್ದೀರಿ. ಕೆಳಗಿನ ಪೈಪುಗಳೆಲ್ಲ ಭಾರ ತಡೆಯದೆ ಕೆಂಪಾಗಿ ಬಂದದ್ದನ್ನು ನೋಡಿದ್ದೀರಿ. ನೋಡಿ, ಮುಚ್ಚಿ, ಸುಮ್ಮನಿದ್ದಿರಿ. ಆ ದಿನಗಳಲ್ಲೆಲ್ಲ ಮಕ್ಕಳು ಅಲ್ಲಿ ನಾಟಕ ಕಲಿಯುತ್ತಿದ್ದರು.

ಮೇಲೆ ‘ಮರೆತೇ ಹೋಗಿರಬೇಕು’ ಎಂದು ಬರೆದ ಸಾಲನ್ನು ಹೊಡೆದು ಹಾಕಿದ್ದೇನೆ. ಗೀಟಿನ ಕೆಳಗೆ ಓದಲು ಬರುತ್ತದೆ, ಆದರೆ ಅದು ಈಗ ನನ್ನ ಮಾತಲ್ಲ. ಮಗಳಿಗೆ ನೀವೇ ಹೇಳಿ.