ರಕ್ತದಲ್ಲಿ ಸಿಗದ ಭಯ

ಕುರ್ಲಾ, ಜುಲೈ 1989

ಅಪ್ಪಾ,

ಕಳೆದ ವಾರ ಲೋಕಲ್ ರೈಲಿನಲ್ಲಿ ಎದೆ ಡವಡವ ಬಡಿದುಕೊಂಡು ಉಸಿರು ಸಿಕ್ಕಿಕೊಂಡಿತು. ಸತ್ತೇಹೋಗುತ್ತೇನೆ ಅಂದುಕೊಂಡೆ. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಇವತ್ತು ರಿಪೋರ್ಟ್ ಬಂತು.

“ಒತ್ತಡದ ಹಾರ್ಮೋನ್ ನಾರ್ಮಲ್ ಇದೆ,” ಎಂದರು ಡಾಕ್ಟರು.

“ಹಾಗಾದ್ರೆ ನಾನು ನಾಟಕ ಆಡ್ತಿದೀನಾ?”

“ಇಲ್ಲಮ್ಮ. ಹೀಗೆ ದಿಢೀರ್ ಭಯ ಬರೋ ಪ್ಯಾನಿಕ್ ಕಾಯಿಲೆಯ ಎಷ್ಟೋ ಜನಕ್ಕೆ ಆ ಹಾರ್ಮೋನ್ ನಾರ್ಮಲ್ಲಾಗೇ ಇರುತ್ತೆ. ನಿಮ್ಮ ಭಯ ನಿಜ. ಮನೇಲಿ ಬೇರೆ ಯಾರಿಗಾದ್ರೂ ಹೀಗಾಗ್ತಿತ್ತಾ?”

ಆಫೀಸಿಗೆ ಹೊರಟ ನೀವು ಎದೆ ಹಿಡಿದುಕೊಂಡು ನಾವಿದ್ದ ಚಾಳಿನ ಮೆಟ್ಟಿಲ ಮೇಲೆ ಒಬ್ಬರೇ ಕೂತುಬಿಡುತ್ತಿದ್ದದ್ದನ್ನು ಹೇಳಿದೆ.

ಜೊತೆಗೆ ಬಂದಿದ್ದ ನನ್ನ ಮಗಳು ಚಿತ್ರಾ ಮೆಲ್ಲಗೆ, “ಮಮ್ಮಿ, ಸ್ಕೂಲಲ್ಲಿ ನಂಗೂ ಕಭೀ ಕಭೀ ಹಾಗೇ ಆಗುತ್ತೆ,” ಅಂದಳು.

ಅವಳನ್ನು ಬಾಚಿ ತಬ್ಬಿಕೊಂಡು, “ನಾನಿದ್ದೀನಿ, ಹೆದರಬೇಡ,” ಅಂದೆ.

ಈ ಮಾತನ್ನು ನಿಮಗೆ ಯಾರಾದರೂ ಹೇಳಿದ್ದರಾ ಅಪ್ಪಾ?

ವನಮಾಲಾ