ಬಿಲದವರಿಗೆ ಎಷ್ಟು ಜೀವ

ಶನಿವಾರ, ಆಗಸ್ಟ್ ೯

ಸೋಮವಾರ ಪರೀಕ್ಷೆ ಇಟ್ಟುಕೊಂಡು ಆಟದ ಬಗ್ಗೆ ಬರೆಯಲು ಕುಳಿತಿದ್ದೇನೆ, ಕ್ಷಮೆಯಿರಲಿ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಮ್ಮ ದಾಳದ ಆಟದಲ್ಲಿ ಒಬ್ಬೊಬ್ಬರದು ಒಂದೊಂದು ಪಾತ್ರ, ಕತೆ ನಡೆಸುವವಳು ನಾನು. ಬಿಲದವರು ಎಂಬ ಕುಳ್ಳ ಜನಾಂಗವೂ ನನ್ನದೇ ಸೃಷ್ಟಿ. ಅದನ್ನು ಆರಿಸಿಕೊಂಡವಳು ರೂಮ್‌ಮೇಟ್ ಗುಬ್ಬಿ ಒಬ್ಬಳೇ. ಇಂದು ರಾಕ್ಷಸನ ಒಂದೇ ಏಟಿಗೆ ಅವಳ ಪಾತ್ರ ಮತ್ತೆ ಸತ್ತಿತು. ನಮ್ಮಲ್ಲಿ ಸತ್ತವರು ಮುಂದಿನ ಆಟಕ್ಕೆ ಎದ್ದು ಬರುತ್ತಾರೆ, ಆದರೂ.

"ಸೊಳ್ಳೆ ಕಚ್ಚಿದ್ರೂ ನಿನ್ನವನು ಗೊಟಕ್ ಅಂತಾನಲ್ಲೇ!" ಎಂದು ಜೊತೆಗೆ ಆಡುವ ಸೀನಿಯರ್ ಅಕ್ಕ ನಕ್ಕರು.

ಪಾಪ ಅನಿಸಿ, ಅಲ್ಲೇ ಬಿಲದವರ ಜೀವದ ಪಾಯಿಂಟ್ ಡಬಲ್ ಮಾಡಿಬಿಟ್ಟೆ.

"ಆಹಾ, ಈಗ ನನ್ನ ಯೋಧನಿಗಿಂತ ಈ ಇಲಿಮರೀನೇ ಗಟ್ಟಿ!" ಅಕ್ಕ ಮುನಿಸಿಕೊಂಡರು.

ಗುಬ್ಬಿ ದಾಳ ಕೆಳಗಿಟ್ಟಳು. "ನಾನು ಕೇಳಿದ್ನಾ? ನನ್ನವನು ಸಂದೀಲಿ ನುಸುಳ್ತಾನೆ, ಕತ್ತಲಲ್ಲೂ ಅವನಿಗೆ ಕಣ್ಣು ಕಾಣುತ್ತೆ. ನಿನ್ನ ಕತೇಲಿ ಒಂದಾದ್ರೂ ಸಂದಿ ಇದ್ಯಾ? ಬರೀ ಹೊಡೆದಾಟ. ಅಲ್ಲಿ ನನಗೆ ಕೆಲ್ಸಾನೇ ಇಲ್ಲ, ಬಿಡು."

ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದಳು. ಈ ಹಾಸ್ಟೆಲ್‌ನಲ್ಲಿ ನನಗಿರುವುದು ಅವಳೊಬ್ಬಳೇ. ಆ ಬರಿಯ ಮಂಚಕ್ಕೆ ಬೆನ್ನು ಹಾಕಿ ಕುಳಿತಿದ್ದೇನೆ.

ಸಂಜೆಯಿಂದ ಎಲ್ಲರ ಪಾಯಿಂಟ್ ಕೂಡಿಸಿ ಕಳೆದು ಬ್ಯಾಲೆನ್ಸ್ ಮಾಡುತ್ತಲೇ ಇದ್ದೆ. ತಪ್ಪು ಅಂಕಿಯಲ್ಲಿರಲಿಲ್ಲ. ಕತೆಯಲ್ಲಿ ಅವಳವನು ನುಸುಳಲು ಒಂದು ಬಿರುಕೂ ಬಿಡದೆ ಗೋಡೆ ಕಟ್ಟಿದವಳು ನಾನು.

ಡಬಲ್ ಮಾಡಿದ್ದನ್ನು ಅಳಿಸಿದೆ. ಈಗ ಕತೆಯಲ್ಲಿ ಎಲ್ಲರೂ ಸೆರೆಮನೆಯಲ್ಲಿದ್ದಾರೆ. ಬೀಗದ ಕೈ ಅಂಗೈಯಗಲದ ಸಂದಿಯ ಆಚೆಗಿದೆ. ಬಿಲದವನು ಬಾರದಿದ್ದರೆ ಯಾರಿಗೂ ಬಿಡುಗಡೆಯಿಲ್ಲ.

ಆದರೆ ಅವಳೇ ಬಾರದಿದ್ದರೆ? ಮೆಸೇಜ್ ಕಳಿಸಿದೆ: "ಗುಬ್ಬಿ, ನಾಳೆ ಆಟಕ್ಕೆ ಬರ್ತೀಯಾ? ನಿನ್ನವನಿಗೆ ಕೆಲ್ಸ ಇದೆ ಕಣೇ. ಬೇಗ ರಿಪ್ಲೈ ಮಾಡು."